ಗಾಜಿನ ಡಬ್ಬಿಯ ಮೇಯರ್

ಹೋದ ತಿಂಗಳು ನಮ್ಮ ಸಾಹಿತ್ಯ ಸಂಘದ ಚರ್ಚಾಸ್ಪರ್ಧೆಯಲ್ಲಿ ನನಗೆ ಮೊದಲ ಬಹುಮಾನ ಬಂತು. ವಿಷಯ ನಿಮಗೆ ನೆನಪಿರಬಹುದು: 'ಲೈಟು, ನೀರು, ಟ್ರಾಮು, ಬಸ್ಸುಗಳ ವ್ಯಾಪಾರದಲ್ಲಿದ್ದವರು ರಾಜಕೀಯಕ್ಕೆ ಬರಬಾರದು.' ನಾನು ವಿಷಯದ ಪರವಾಗಿ ಏಳು ನಿಮಿಷ ಗುಡುಗಿದೆ. ಚಪ್ಪಾಳೆಯೂ ಬಿತ್ತು. ಆದರೆ ಆ ದಿನ ನಾನು ಹೇಳಿದ್ದರಲ್ಲಿ ಮುಕ್ಕಾಲು ಪಾಲು ಅರ್ಧಸತ್ಯ ಅಂತ ಈಗ ಗೊತ್ತಾಗಿದೆ. ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡು ಕೂತರೆ ಅದು ಪೂರ್ತಿ ಸುಳ್ಳೇ ಆಗುತ್ತೆ. ಸಂಪಾದಕರು "ನಾಲ್ಕು ಸ್ಟೆನ್ಸಿಲ್ ಕೊಡ್ತೇನೆ, ಮೇಲೆ ಒಂದು ಸಾಲೂ ಇಲ್ಲ" ಅಂದಿದ್ದಾರೆ. ಅಷ್ಟರಲ್ಲೇ ಹೇಳಲು ನೋಡ್ತೇನೆ.

ಅಂದು ನನ್ನ ಬ್ರಹ್ಮಾಸ್ತ್ರ ಮಾರ್ಕ್ ಹ್ಯಾನಾ ಎಂಬ ಅಮೆರಿಕನ್. ಓಹಿಯೋ ರಾಜ್ಯದಲ್ಲಿ, ಈರಿ ಸರೋವರದ ದಂಡೆಯ ಮೇಲೆ ಕ್ಲೀವ್‌ಲ್ಯಾಂಡ್ ಅಂತ ಒಂದು ದೊಡ್ಡ ಊರಿದೆ. ಹ್ಯಾನಾ ಆ ಊರಿನವನು. ಕಲ್ಲಿದ್ದಲು ಮತ್ತು ಕಬ್ಬಿಣದ ವ್ಯಾಪಾರ, ಜೊತೆಗೆ ಊರಿನ ಪಶ್ಚಿಮ ಭಾಗದ ಟ್ರಾಮ್ ಕಂಪನಿ. ೧೮೯೬ರಲ್ಲಿ ವಿಲಿಯಂ ಮೆಕಿನ್ಲೆ ಅಮೆರಿಕದ ಅಧ್ಯಕ್ಷ ಪದವಿಗೆ ನಿಂತಾಗ ಅವರ ಚುನಾವಣೆ ನಡೆಸಿದ್ದು ಇವನೇ. ದೊಡ್ಡ ಬ್ಯಾಂಕುಗಳಿಗೆಲ್ಲ ಅವುಗಳ ಬಂಡವಾಳದ ಮೇಲೆ ನೂರಕ್ಕೆ ಕಾಲು ಡಾಲರಿನ ಲೆಕ್ಕದಲ್ಲಿ ಚಂದಾ ಗೊತ್ತುಮಾಡಿ, ತೆರಿಗೆ ಎತ್ತಿದ ಹಾಗೆ ಎತ್ತಿದ. ನಿಧಿಗೆ ಸೇರಿದ್ದು ಸುಮಾರು ೩೫ ಲಕ್ಷ ಡಾಲರ್. ೧೮೯೭ರಲ್ಲಿ ತಾನೇ ಸೆನೆಟರ್ ಆದ, ೧೯೦೪ರಲ್ಲಿ ಸಾಯುವ ತನಕ ಆಗಿಯೇ ಇದ್ದ. ಸೆನೆಟರ್ ಆದ ಮೇಲೂ ಟ್ರಾಮ್ ಕಂಪನಿಯನ್ನು ಕೈಬಿಡಲಿಲ್ಲ. ಇದನ್ನೆಲ್ಲ ಹೇಳಿ, "ಬೆಕ್ಕಿಗೆ ಹಾಲಿನ ಪಾತ್ರೆ ಕಾಯಲು ಹೇಳಬಹುದೇ?" ಅಂತ ಕೇಳಿ ನಾನು ಕೂತೆ.

ಆಗ ತೀರ್ಪುಗಾರರಲ್ಲಿ ಒಬ್ಬರು, ಹಿರಿಯರು, ಕನ್ನಡಕ ತೆಗೆದು ಒರೆಸುತ್ತಾ ಕೇಳಿದರು: "ಸರಿ ತಮ್ಮಾ. ಅದೇ ಊರಲ್ಲಿ ಅದೇ ಕಾಲಕ್ಕೆ ಮೇಯರ್ ಆಗಿದ್ದವನು ಯಾರು? ಅವನ ಕಸುಬು ಏನು?" ನನಗೆ ಗೊತ್ತಿರಲಿಲ್ಲ. "ಮೇಯರ್ ಯಾರಾದರೂ ಆಗಿರಲಿ, ಟ್ರಾಮು ಹ್ಯಾನಾದೇ ತಾನೆ ಸಾರ್" ಅಂದೆ. ಸಭೆ ನಕ್ಕಿತು. ಅವರೂ ನಕ್ಕರು, ಬಹುಮಾನವನ್ನೂ ಕೊಟ್ಟರು. ಆದರೆ ಆ ನಗು ನನಗೆ ಮನೆ ತನಕ ಚುಚ್ಚುತ್ತಾ ಬಂತು.

ಮಾರನೇ ವಾರ ಹುಡುಕಿದೆ. ಮೇಯರ್ ಟಾಮ್ ಎಲ್. ಜಾನ್ಸನ್. ೧೯೦೧ರಿಂದ ೧೯೦೯ರ ತನಕ ನಾಲ್ಕು ಸಲ ಗೆದ್ದವನು. ಕಸುಬು? ಟ್ರಾಮ್ ಕಂಪನಿ. ಹ್ಯಾನಾಗೆ ಇದ್ದದ್ದು ಊರಿನ ಒಂದು ಭಾಗದ ಟ್ರಾಮು. ಜಾನ್ಸನ್ನನ ಕೈಯಲ್ಲಿ ಬೇರೆಬೇರೆ ಕಾಲದಲ್ಲಿ ಇಂಡಿಯಾನಾಪೊಲಿಸ್, ಕ್ಲೀವ್‌ಲ್ಯಾಂಡ್, ಡೆಟ್ರಾಯಿಟ್, ಬ್ರೂಕ್ಲಿನ್, ಹೀಗೆ ಊರೂರಿನ ಟ್ರಾಮುಗಳಿದ್ದವು! ನನ್ನ ವಾದದ ಪ್ರಕಾರ ಇವನು ಹ್ಯಾನಾಗಿಂತ ನಾಲ್ಕು ಪಟ್ಟು ದೊಡ್ಡ ಬೆಕ್ಕು ಆಗಬೇಕಿತ್ತು. ಆದದ್ದೇ ಬೇರೆ.

ನಡುವೆ ಒಂದು ಮಾತು. ನಾನು ಹತ್ತನೇ ತರಗತಿ ತನಕ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಕಾಲೇಜಿಗೆ ಬಂದ ಮೇಲೆ ಅರ್ಥಶಾಸ್ತ್ರದ ತರಗತಿಯಲ್ಲಿ 'ಮೊನಾಪಲಿ' ಅಂದಾಗ ಅದೇನೋ ಒಂದು ಗೆರೆಚಿತ್ರ ಅಂತಷ್ಟೇ ತಲೆಗೆ ಹೋಗಿತ್ತು. ಕನ್ನಡದಲ್ಲಿ ಅದಕ್ಕೆ ಏಕಸ್ವಾಮ್ಯ ಅಂತಾರೆ. ಒಬ್ಬನೇ ಸ್ವಾಮಿ. ಈ ಶಬ್ದ ಹಿಡಿದುಕೊಂಡು ನೋಡಿದರೆ ಎಲ್ಲ ಬಿಡಿಸಿ ಹೇಳಿದ ಹಾಗೆ ಆಗುತ್ತೆ. ಒಂದು ಬೀದಿಯಲ್ಲಿ ಹತ್ತು ಕಿರಾಣಿ ಅಂಗಡಿ ಇಡಬಹುದು. ಎರಡು ನೀರಿನ ಕೊಳವೆ, ಮೂರು ಟ್ರಾಮ್ ಹಳಿ, ನಾಲ್ಕು ಲೈಟಿನ ಕಂಬದ ಸಾಲು ಯಾರೂ ಹಾಕೋದಿಲ್ಲ. ಹಾಕಿದರೆ ದುಡ್ಡು ದಂಡ. ಹಾಗಾಗಿ ಬೀದಿಗೆ ಒಬ್ಬನೇ ಒಡೆಯ. ಆ ಒಡೆತನ ಬರೋದು ಎಲ್ಲಿಂದ? ಬೀದಿ ಊರಿನದು, ಊರಿನ ಕೌನ್ಸಿಲ್ಲು ಬರೆದುಕೊಡುವ ಪರವಾನಗಿಯಿಂದ. ಅಂದಮೇಲೆ ಈ ವ್ಯಾಪಾರದವನಿಗೆ ರಾಜಕೀಯ ಬೇಡ ಅಂದರೂ ಬಿಡೋದಿಲ್ಲ. ಸಕ್ಕರೆ ಮಾರುವವನು ಕೌನ್ಸಿಲರ್ ಹೆಸರು ತಿಳಿಯದೆ ಬದುಕಬಹುದು. ಟ್ರಾಮು ಓಡಿಸುವವನು ಬದುಕಲಾರ. ಚರ್ಚಾಸ್ಪರ್ಧೆಯ ವಿಷಯವೇ ತಲೆಕೆಳಗಾಗಿತ್ತು ಅಂತ ನನಗನಿಸುವುದು ಇದಕ್ಕೇ. ಅವರು ರಾಜಕೀಯಕ್ಕೆ 'ಬರುವುದು' ಎಲ್ಲಿಂದ ಬಂತು? ಅವರು ಮೊದಲಿಂದಲೂ ಒಳಗೇ ಇದ್ದಾರೆ. ಕೆಲವರು ಮುಂಬಾಗಿಲಿನಿಂದ ಕಾಣಿಸಿಕೊಳ್ತಾರೆ, ಹೆಚ್ಚಿನವರು ಹಿತ್ತಿಲಲ್ಲಿ ಇರ್ತಾರೆ. ಅಷ್ಟೇ ವ್ಯತ್ಯಾಸ.

ಜಾನ್ಸನ್ ಈ ಪಾಠ ಕಲಿತದ್ದು ಹನ್ನೊಂದನೇ ವಯಸ್ಸಿಗೆ. ಹುಟ್ಟಿದ್ದು ೧೮೫೪ರಲ್ಲಿ, ಕೆಂಟಕಿಯಲ್ಲಿ. ಅಮೆರಿಕದ ಅಂತರ್ಯುದ್ಧದಲ್ಲಿ ತಂದೆ ದಕ್ಷಿಣದವರ ಕಡೆ ಇದ್ದರು, ಯುದ್ಧ ಸೋತಾಗ ಮನೆಯೂ ಸೋತಿತು. ವರ್ಜೀನಿಯಾದ ಸ್ಟಾಂಟನ್ ಅನ್ನೋ ಊರಲ್ಲಿ ಕೈ ಬರಿದಾಗಿ ನಿಂತರು. ಆ ಊರಿಗೆ ದಿನಕ್ಕೆ ಒಂದೇ ರೈಲು. ರೈಲಿನ ಕಂಡಕ್ಟರಿಗೂ ಈ ಹುಡುಗನಿಗೂ ದೋಸ್ತಿ. ರೈಲಿನಲ್ಲಿ ಪತ್ರಿಕೆ ತಂದು ಮಾರುವ ಹಕ್ಕು ನಿನಗೊಬ್ಬನಿಗೇ ಅಂತ ಕಂಡಕ್ಟರ್ ಕೊಟ್ಟುಬಿಟ್ಟ. ಬೇರೆ ಹುಡುಗರು ಹತ್ತುವ ಹಾಗಿಲ್ಲ. ಯುದ್ಧ ಮುಗಿದ ಹೊತ್ತು, ಸುದ್ದಿಗೆ ಜನ ಬಾಯಿ ಬಿಡುತ್ತಿದ್ದರು, ಹುಡುಗ ಹೇಳಿದ್ದೇ ರೇಟು. ಐದು ವಾರದಲ್ಲಿ ೮೮ ಬೆಳ್ಳಿ ಡಾಲರ್ ಕೂಡಿತು. ಆಮೇಲೆ ಕಂಡಕ್ಟರ್ ಬದಲಾದ, ಏಕಸ್ವಾಮ್ಯವೂ ಮುಗಿಯಿತು. ೧೯೧೧ರಲ್ಲಿ ಪ್ರಕಟವಾದ ತನ್ನ ಆತ್ಮಕಥೆ 'ಮೈ ಸ್ಟೋರಿ'ಯಲ್ಲಿ ಇದನ್ನು ಜಾನ್ಸನ್ನೇ ಹೇಳಿಕೊಂಡಿದ್ದಾನೆ. ನಾವು ಮೂರು ವರ್ಷ ಬಿ.ಕಾಂ. ಓದಿ ಕಲಿಯುವುದನ್ನು ಆ ಹುಡುಗ ಐದು ವಾರದಲ್ಲಿ, ಅದೂ ಸಂಬಳ ತಗೊಂಡು ಕಲಿತ!

ಹದಿನೈದಕ್ಕೆ ಲೂಯಿವಿಲ್ ಊರಿನ ಟ್ರಾಮ್ ಕಚೇರಿಯಲ್ಲಿ ಕೆಲಸ. ಅಲ್ಲಿದ್ದಾಗ ಒಂದು ಡಬ್ಬಿ ಕಂಡುಹಿಡಿದ. ಪ್ರಯಾಣಿಕರು ನಾಣ್ಯ ಹಾಕುವ ಡಬ್ಬಿ, ಮುಖಕ್ಕೆ ಗಾಜು. ಹಾಕಿದ ನಾಣ್ಯ ಒಳಗೆ ಬೀಳುವ ಮುಂಚೆ ಸ್ವಲ್ಪ ಹೊತ್ತು ಗಾಜಿನ ಹಿಂದೆ ನಿಂತಿರುತ್ತೆ, ಎಲ್ಲರಿಗೂ ಕಾಣುತ್ತೆ. ಯಾರು ಎಷ್ಟು ಹಾಕಿದರು ಅನ್ನೋದು ಗುಟ್ಟಲ್ಲ. ಆ ಡಬ್ಬಿಯ ಹಕ್ಕಿನಿಂದ ಬಂದ ದುಡ್ಡು, ಮೇಲೆ ಸಾಲ, ಇವೆರಡರಿಂದ ೧೮೭೬ರಲ್ಲಿ ಇಂಡಿಯಾನಾಪೊಲಿಸ್ ಊರಿನ ಟ್ರಾಮ್ ಕಂಪನಿಯನ್ನೇ ಕೊಂಡ. ಆಗ ವಯಸ್ಸು ಇಪ್ಪತ್ತೆರಡು. (ನನಗೆ ಇಪ್ಪತ್ತು. ಇನ್ನೂ ಎರಡು ವರ್ಷ ಇದೆ ಅಂತ ಸಮಾಧಾನ.)

೧೮೭೯ರಲ್ಲಿ ಕ್ಲೀವ್‌ಲ್ಯಾಂಡಿಗೆ ಬಂದ. ಅಲ್ಲಿ ಹ್ಯಾನಾ ಆಗಲೇ ಕೂತಿದ್ದ. ಇಬ್ಬರಿಗೂ ಹಳಿಯ ಮೇಲೆ ಜಗಳ, ಕೌನ್ಸಿಲ್ಲಿನಲ್ಲಿ ಜಗಳ. ಊರಿನ ಈ ತುದಿಯಿಂದ ಆ ತುದಿಗೆ ಹೋಗಲು ಜನ ಎರಡು ಕಂಪನಿಗೆ ಎರಡು ಸಲ ದುಡ್ಡು ಕೊಡಬೇಕಿದ್ದಾಗ, ಜಾನ್ಸನ್ ಒಂದೇ ಟಿಕೆಟ್ಟಿನಲ್ಲಿ ದಾಟಿಸಿದ. ಪಾಲುದಾರರಾಗೋಣ ಬಾ ಅಂತ ಹ್ಯಾನಾ ಒಮ್ಮೆ ಕರೆದನಂತೆ. ನಾವಿಬ್ಬರೂ ಒಂದೇ ಜಾತಿಯ ಮನುಷ್ಯರು, ಒಂದು ಬೆಂಚಿನ ಮೇಲೆ ಕೂತರೆ ಯಾರಾದರೂ ಒಬ್ಬ ಇನ್ನೊಬ್ಬನನ್ನು ಕೆಳಕ್ಕೆ ತಳ್ಳುತ್ತಾನೆ, ಹಾಗಾಗಿ ಎದುರಾಳಿಗಳಾಗಿಯೇ ಇರೋಣ, ಅನ್ನುವ ಅರ್ಥದಲ್ಲಿ ಜಾನ್ಸನ್ ಉತ್ತರ ಕೊಟ್ಟ.

ಒಂದೇ ಜಾತಿಯ ಮನುಷ್ಯರು ಮುಂದೆ ಬೇರೆ ದಾರಿ ಹಿಡಿದದ್ದು ಹೇಗೆ? ಇದರಲ್ಲಿ ಒಂದು ಪುಸ್ತಕದ ಪಾತ್ರ ಇದೆ. ಸಾಹಿತ್ಯ ಸಂಘದ ಪತ್ರಿಕೆಯಲ್ಲಿ ಇದನ್ನು ಬಿಡೋ ಹಾಗಿಲ್ಲ. ಇಂಡಿಯಾನಾಪೊಲಿಸ್‌ನಿಂದ ಕ್ಲೀವ್‌ಲ್ಯಾಂಡಿಗೆ ಬರುವ ರೈಲಿನಲ್ಲಿ ಪುಸ್ತಕ ಮಾರುವ ಹುಡುಗನೊಬ್ಬ ಹೆನ್ರಿ ಜಾರ್ಜನ 'ಸೋಷಿಯಲ್ ಪ್ರಾಬ್ಲಮ್ಸ್' ತೋರಿಸಿದ. ಹೆಸರು ನೋಡಿ ಜಾನ್ಸನ್ ಇದೇನೋ ವೇಶ್ಯಾವೃತ್ತಿಯ ಕುರಿತದ್ದು ಅಂದುಕೊಂಡು ಬೇಡ ಅಂದ. ಕಂಡಕ್ಟರ್ ಬಿಡಲಿಲ್ಲ. ಓದಿ, ಹಿಡಿಸದಿದ್ದರೆ ದುಡ್ಡು ನಾನು ವಾಪಸು ಕೊಡ್ತೇನೆ ಅಂದ. ಜಾನ್ಸನ್ ಓದಿದ. ನಿದ್ದೆ ಕೆಟ್ಟಿತು. ಆಮೇಲೆ ಅದೇ ಲೇಖಕನ 'ಪ್ರೋಗ್ರೆಸ್ ಅಂಡ್ ಪಾವರ್ಟಿ' ಕೊಂಡು ತನ್ನ ವಕೀಲನಿಗೆ ಕೊಟ್ಟು, ಇದರಲ್ಲಿ ತಪ್ಪು ಎಲ್ಲಿದೆ ಹುಡುಕಿಕೊಡು, ಫೀಸು ಕೊಡ್ತೇನೆ ಅಂದ! ತಪ್ಪು ಸಿಕ್ಕಿದ್ದರೆ ನೆಮ್ಮದಿಯಾಗಿ ವ್ಯಾಪಾರ ಮಾಡಿಕೊಂಡಿರಬಹುದಿತ್ತು. ವಕೀಲನಿಗೆ ಸಿಗಲಿಲ್ಲ. ಊರು ಬೆಳೆದಂತೆ ಭೂಮಿಯ ಬೆಲೆ ಏರುತ್ತೆ, ಏರಿಸಿದ್ದು ಊರಿನ ಜನ, ಲಾಭ ಮಾತ್ರ ಹಕ್ಕುಪತ್ರ ಹಿಡಿದವನಿಗೆ ಅನ್ನೋದು ಜಾರ್ಜನ ಮುಖ್ಯ ಮಾತು. ಟ್ರಾಮಿನ ಪರವಾನಗಿಗೂ ಅದು ಸರಿಯಾಗಿ ಹೊಂದುತ್ತೆ ಅಂತ ಜಾನ್ಸನ್ನನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹಾಗಂತ ಅವನು ಸನ್ಯಾಸಿ ಆಗಲಿಲ್ಲ. ನನಗೆ ಅವನು ಇಷ್ಟವಾಗುವುದೂ, ಸ್ವಲ್ಪ ಸಿಟ್ಟು ಬರಿಸುವುದೂ ಇಲ್ಲೇ. ೧೮೯೧ರಿಂದ ೧೮೯೫ರ ತನಕ ಅವನು ಅಮೆರಿಕದ ಕಾಂಗ್ರೆಸ್ಸಿನ ಸದಸ್ಯ. ಅಷ್ಟರಲ್ಲಿ ಉಕ್ಕಿನ ಹಳಿ ಮಾಡುವ ಕಾರ್ಖಾನೆಯೂ ಅವನದಾಗಿತ್ತು. ವಿದೇಶಿ ಹಳಿಗಳ ಮೇಲಿನ ಆಮದು ಸುಂಕ ಅವನ ಕಾರ್ಖಾನೆಗೇ ಲಾಭ. ಸಭೆಯಲ್ಲಿ ಎದ್ದು ನಿಂತು ಆ ಸುಂಕ ತೆಗೆಯಿರಿ ಅಂತ ವಾದಿಸಿದ. ವ್ಯಾಪಾರಿಯಾಗಿ ಕಾನೂನು ಕೊಟ್ಟ ಲಾಭವನ್ನೆಲ್ಲ ತೆಗೆದುಕೊಳ್ಳುತ್ತೇನೆ, ಸದಸ್ಯನಾಗಿ ಆ ಕಾನೂನಿಗೆ ವಿರುದ್ಧ ಮತ ಹಾಕುತ್ತೇನೆ ಅನ್ನುವುದು ಅವನ ನಿಲುವು. ಇದು ಪ್ರಾಮಾಣಿಕತೆಯೋ, ಜಾಣತನವೋ? ನಾನು ಎರಡು ದಿನ ಯೋಚಿಸಿದೆ. ಎರಡೂ ಹೌದು ಅಂತ ಕಾಣುತ್ತೆ. ಆದರೆ ಒಂದು ಮಾತು: ತನ್ನ ಲಾಭ ಎಲ್ಲಿದೆ ಅಂತ ತಾನೇ ಬೊಟ್ಟು ಮಾಡಿ ತೋರಿಸಿದ. ನಾಣ್ಯ ಗಾಜಿನ ಹಿಂದೆಯೇ ಇತ್ತು.

ಡೆಟ್ರಾಯಿಟ್ ಕತೆ ಇಷ್ಟು ಚೆಂದ ಇಲ್ಲ. ೧೮೯೦ರ ದಶಕದಲ್ಲಿ ಆ ಊರಿನ ಮೇಯರ್ ಹೇಜನ್ ಪಿಂಗ್ರಿ. ಚಪ್ಪಲಿ ಬೂಟು ತಯಾರಕ. ಟ್ರಾಮ್ ದರ ಐದು ಸೆಂಟ್ ಸಾಕಷ್ಟು ಹೆಚ್ಚು, ಮೂರು ಸೆಂಟಿಗೆ ಇಳಿಸಿ ಅಂತ ಪಿಂಗ್ರಿ ಹೋರಾಡಿದ. ಎದುರಿಗೆ ನಿಂತ ಕಂಪನಿಯ ಒಡೆಯ ಯಾರು? ನಮ್ಮ ಜಾನ್ಸನ್ನೇ! ಮುಂದೆ ತಾನು ಮೇಯರ್ ಆದಾಗ ಯಾವ ಮೂರು ಸೆಂಟಿಗಾಗಿ ಜೀವ ತೇದನೋ, ಅದನ್ನೇ ಅಲ್ಲಿ ಬೇಡ ಅಂದಿದ್ದ. ಇದನ್ನು ಮುಚ್ಚಿಟ್ಟು ಅವನನ್ನು ಹೊಗಳಿದರೆ ನಾನು ಮತ್ತೆ ಚರ್ಚಾಸ್ಪರ್ಧೆಯ ಭಾಷಣ ಮಾಡಿದ ಹಾಗಾಗುತ್ತೆ.

೧೯೦೧ರಲ್ಲಿ ಮೇಯರ್ ಸ್ಥಾನಕ್ಕೆ ನಿಲ್ಲುವ ಮೊದಲೇ ಅವನು ಟ್ರಾಮ್ ವ್ಯವಹಾರದಿಂದ ಹೊರಗೆ ಬಂದಿದ್ದ. ಕ್ಲೀವ್‌ಲ್ಯಾಂಡಿನ ಹಳಿಗಳಲ್ಲಿ ಅವನ ಪಾಲು ಇರಲಿಲ್ಲ. ಗೆದ್ದ ಮೇಲೆ ಪಾರ್ಕುಗಳಲ್ಲಿ 'ಹುಲ್ಲಿನ ಮೇಲೆ ನಡೆಯಬಾರದು' ಅಂತಿದ್ದ ಫಲಕಗಳನ್ನು ಕೀಳಿಸಿದ. ದೊಡ್ಡ ಡೇರೆ ಹಾಕಿಸಿ ಊರಿನ ಮೂಲೆಮೂಲೆಯಲ್ಲಿ ಸಭೆ ಮಾಡಿ, ಯಾರು ಬೇಕಾದರೂ ಪ್ರಶ್ನೆ ಕೇಳಿ ಅಂತ ನಿಂತ. ಆಮೇಲೆ ಟ್ರಾಮಿಗೆ ಕೈ ಹಾಕಿದ. ಕಂಪನಿಯವರು ಒಂದಾದ ಮೇಲೊಂದು ತಡೆಯಾಜ್ಞೆ ತಂದರು, ಐವತ್ತಕ್ಕೂ ಮಿಕ್ಕಿ.

ಇಲ್ಲಿ ಅವನ ಹಳೇ ಕಸುಬು ಕೆಲಸಕ್ಕೆ ಬಂತು. ಕಾಮರ್ಸ್ ಓದುವವರಿಗೆ ಷೇರಿಗೆ 'ನೀರು ಬೆರೆಸುವುದು' ಅಂದರೆ ಏನು ಅಂತ ಗೊತ್ತು. ಹತ್ತು ರೂಪಾಯಿ ಆಸ್ತಿಗೆ ಇಪ್ಪತ್ತು ರೂಪಾಯಿ ಷೇರು ಅಚ್ಚು ಹಾಕಿ, ಆಮೇಲೆ ಇಪ್ಪತ್ತರ ಮೇಲೆ ಲಾಭಾಂಶ ಕೊಡಬೇಕಲ್ಲಪ್ಪಾ ಅಂತ ದರ ಏರಿಸುವುದು. ಎಮ್ಮೆ ಕಟ್ಟಿದವನಿಗೆ ಹಾಲಿನಲ್ಲಿ ನೀರು ಎಷ್ಟಿದೆ ಅಂತ ಲೋಟ ನೋಡಿದರೆ ಸಾಕು. ಮೇಷ್ಟ್ರೋ ವಕೀಲರೋ ಮೇಯರ್ ಆಗಿದ್ದರೆ ಕಂಪನಿಯವರು ತಂದಿಟ್ಟ ಲೆಕ್ಕ ನೋಡಿ ತಲೆ ಅಲ್ಲಾಡಿಸುತ್ತಿದ್ದರು. ಜಾನ್ಸನ್ನನಿಗೆ ಹಳಿಯ ಬೆಲೆ ಗೊತ್ತು, ಗಾಡಿಯ ಬೆಲೆ ಗೊತ್ತು, ಒಂದು ಮೈಲಿಗೆ ಎಷ್ಟು ಖರ್ಚು ಗೊತ್ತು. ಚೌಕಾಶಿ ಆಗಿ ಆಗಿ, ನೂರು ಡಾಲರ್ ಮುಖಬೆಲೆಯ ಷೇರು ೫೫ ಡಾಲರಿಗೆ ಬಂದು ನಿಂತಿತು. ಅದರ ಮೇಲೆ ನೂರಕ್ಕೆ ಆರರ ಲಾಭ, ಅಷ್ಟೇ. ೧೯೦೮ರ ಏಪ್ರಿಲ್ ೨೮ರಂದು ಟ್ರಾಮುಗಳು ಊರಿನ ಪರವಾದ ಸಂಸ್ಥೆಯ ಕೈಗೆ ಬಂದವು. ಆ ದಿನ ಇಡೀ ಊರಿಗೆ ಪುಕ್ಕಟೆ ಸವಾರಿ.

ಕತೆ ಇಲ್ಲಿಗೆ ಮುಗಿದಿದ್ದರೆ ಸಿನಿಮಾ ಆಗ್ತಿತ್ತು. ಮೇ ತಿಂಗಳಲ್ಲೇ ನೌಕರರ ಮುಷ್ಕರ. ಹಿಂದಿನ ವರ್ಷದ ಹಣಕಾಸಿನ ಬಿಕ್ಕಟ್ಟು ಇನ್ನೂ ಆರಿರಲಿಲ್ಲ, ಸಾಲ ಹುಟ್ಟುತ್ತಿರಲಿಲ್ಲ. ಮೂರು ಸೆಂಟಿನಲ್ಲಿ ಸಂಬಳ, ರಿಪೇರಿ, ಷೇರುದಾರರ ಆರು ಪರ್ಸೆಂಟ್ ಎಲ್ಲ ಹೊಂದಿಸಬೇಕು. ಸೇವೆಯ ಬಗ್ಗೆ ದೂರು ಬರತೊಡಗಿತು. ಅಕ್ಟೋಬರಿನಲ್ಲಿ ವ್ಯವಸ್ಥೆಯ ಬಗ್ಗೆ ಜನಮತ ಕೇಳಿದಾಗ ಸುಮಾರು ೭೫ ಸಾವಿರ ಮತಗಳಲ್ಲಿ ಆರುನೂರರಷ್ಟು ಅಂತರದಿಂದ ಸೋಲು. ೧೯೦೯ರಲ್ಲಿ ಮೇಯರ್ ಗಿರಿಯೂ ಹೋಯಿತು. ಆಸ್ತಿಯೂ ಕರಗಿತ್ತು. ೧೯೧೧ರ ಏಪ್ರಿಲಿನಲ್ಲಿ ತೀರಿಕೊಂಡ, ಐವತ್ತಾರು ವಯಸ್ಸು. ಹ್ಯಾನಾ ಸತ್ತದ್ದು ಸೆನೆಟರ್ ಆಗಿ, ಧನಿಕನಾಗಿ. 'ನೋಡಿದ್ಯಾ, ಯಾರು ಜಾಣ?' ಅಂತ ನನ್ನ ಕೋಣೆಯ ಗೆಳೆಯ ಕೇಳಿದ. ಅವನೂ ಕಾಮರ್ಸೇ.

ಅವನಿಗೆ ನಾನು ಹೇಳಿದ್ದು: ೧೯೧೦ರಲ್ಲಿ ಟೇಲರ್ ಎಂಬ ನ್ಯಾಯಾಧೀಶರ ಮಧ್ಯಸ್ಥಿಕೆಯಲ್ಲಿ ಆದ ಒಪ್ಪಂದ ನೋಡು. ಟ್ರಾಮು ಖಾಸಗಿ ಕಂಪನಿಗೇ ಹೋಯಿತು, ನಿಜ. ಆದರೆ ಷರತ್ತು: ಷೇರುದಾರರಿಗೆ ಆರು ಪರ್ಸೆಂಟ್, ಅದರ ಮೇಲಿಲ್ಲ, ದರ ಖರ್ಚಿಗೆ ತಕ್ಕಂತೆ, ಲೆಕ್ಕ ನೋಡಲು ಊರಿನ ಒಬ್ಬ ಅಧಿಕಾರಿ. ದರ ಶುರುವಾದದ್ದು ಮೂರು ಸೆಂಟಿನಿಂದ! ಮನುಷ್ಯ ಸೋತ, ಡಬ್ಬಿಗೆ ಗಾಜು ಹಾಕಿಸಿಯೇ ಹೋದ. ಅವನ ಕೈಕೆಳಗೆ ಊರಿನ ವಕೀಲನಾಗಿದ್ದ ನ್ಯೂಟನ್ ಬೇಕರ್ ಮುಂದೆ ಮೇಯರ್ ಆಗಿ ೧೯೧೪ರಲ್ಲಿ ಊರಿನದೇ ದೊಡ್ಡ ವಿದ್ಯುತ್ ಕೇಂದ್ರ ತೆರೆದ. ಯೂನಿಟ್ಟಿಗೆ ಅಲ್ಲೂ ಮೂರು ಸೆಂಟ್. ೧೯೭೮ರಲ್ಲಿ ಆ ಕೇಂದ್ರವನ್ನು ಖಾಸಗಿ ಕಂಪನಿಗೆ ಮಾರು, ಇಲ್ಲವಾದರೆ ಸಾಲದ ಅವಧಿ ಮುಂದುವರಿಸೋದಿಲ್ಲ ಅಂತ ಬ್ಯಾಂಕುಗಳು ಕೂತಾಗ, ಡೆನಿಸ್ ಕುಸಿನಿಚ್ ಎಂಬ ಮೂವತ್ತೆರಡು ವರ್ಷದ ಮೇಯರ್ ಮಾರಲಿಲ್ಲ. ಡಿಸೆಂಬರ್ ೧೫ಕ್ಕೆ ಊರು ಸಾಲದ ಗಡುವು ತಪ್ಪಿಸಿತು. ನಮ್ಮ ಪಠ್ಯದ ಪ್ರಕಾರ ಇದು ಮಹಾಪಾಪ. ಮರುವರ್ಷ ಫೆಬ್ರವರಿಯಲ್ಲಿ ಜನ ಕೇಂದ್ರವನ್ನು ಉಳಿಸಿಕೊಳ್ಳೋಣ ಅಂತ ಮತ ಹಾಕಿ, ಅದಕ್ಕಾಗಿ ತಮ್ಮ ಮೇಲೆ ತೆರಿಗೆಯನ್ನೂ ಹೆಚ್ಚಿಸಿಕೊಂಡರು. ನವೆಂಬರಿನಲ್ಲಿ ಕುಸಿನಿಚ್‌ನನ್ನು ಸೋಲಿಸಿದರು! ಜನ ಅಂದರೆ ಹೀಗೆ. ಕೇಂದ್ರ ಇಟ್ಟುಕೊಂಡರು, ಮೇಯರನ್ನು ಕಳಿಸಿದರು.

ಇನ್ನೊಂದು ಹೆಸರು ಬೇಗ ಹೇಳಿ ಮುಗಿಸ್ತೇನೆ, ಸ್ಟೆನ್ಸಿಲ್ ಖರ್ಚಾಗ್ತಿದೆ. ವೆಂಡೆಲ್ ವಿಲ್ಕಿ ೧೯೩೩ರಿಂದ ಕಾಮನ್‌ವೆಲ್ತ್ ಅಂಡ್ ಸದರ್ನ್ ಎಂಬ ದೊಡ್ಡ ವಿದ್ಯುತ್ ಕಂಪನಿಯ ಅಧ್ಯಕ್ಷ. ಅದೇ ವರ್ಷ ರೂಸ್‌ವೆಲ್ಟ್ ಸರ್ಕಾರ ಟೆನೆಸಿ ಕಣಿವೆಯಲ್ಲಿ ಸರ್ಕಾರಿ ವಿದ್ಯುತ್ತು ಶುರು ಮಾಡಿತು. (ನಮ್ಮ ದಾಮೋದರ ಕಣಿವೆ ನಿಗಮವನ್ನು ೧೯೪೮ರಲ್ಲಿ ಕಟ್ಟಿದ್ದು ಅದೇ ಮಾದರಿಯಲ್ಲಿ.) ವಿಲ್ಕಿ ಆರು ವರ್ಷ ಜಗಳಾಡಿ, ಕೊನೆಗೆ ೧೯೩೯ರಲ್ಲಿ ಟೆನೆಸಿಯ ತನ್ನ ಕಂಪನಿಯನ್ನು ೭ ಕೋಟಿ ೮೬ ಲಕ್ಷ ಡಾಲರಿಗೆ ಬಿಟ್ಟುಕೊಟ್ಟ. ಮರುವರ್ಷ ರೂಸ್‌ವೆಲ್ಟ್ ವಿರುದ್ಧವೇ ಅಧ್ಯಕ್ಷ ಪದವಿಗೆ ನಿಂತು ಸೋತ. ಆದರೂ ೨ ಕೋಟಿ ೨೦ ಲಕ್ಷಕ್ಕೂ ಹೆಚ್ಚು ಮತ ಬಿತ್ತು. ಅವನ ವಾದ ನನಗೆ ಒಪ್ಪಿಗೆ ಇಲ್ಲ. ಬೆಟ್ಟದ ಮೇಲಿನ ಹಳ್ಳಿಗೆ ತಂತಿ ಎಳೆಯಲು ಲಾಭದವನು ಹೋಗೋದಿಲ್ಲ. ಆದರೆ ೧೯೩೮ರಲ್ಲಿ ರೇಡಿಯೋದಲ್ಲಿ ಸರ್ಕಾರಿ ವಕೀಲರ ಎದುರು ಕೂತು, ನಾನು ಕಂಪನಿಯವನು, ನನ್ನ ವಾದ ಇದು, ಅಂತ ಹೇಳುವ ಧೈರ್ಯ ಅವನಿಗಿತ್ತು. ಮತ ಹಾಕಿದವರಿಗೆ ಅವನು ಯಾರ ಕಡೆಯಿಂದ ಬಂದವನು ಅಂತ ಗೊತ್ತಿತ್ತು.

ಈಗ ನಮ್ಮ ಮುಂಬಯಿಗೆ ಬರೋಣ. ಇಲ್ಲಿ ಕುದುರೆ ಟ್ರಾಮು ೧೮೭೪ರಲ್ಲಿ ಶುರುವಾದಾಗ ಕೊಲಾಬಾದಿಂದ ಪಾಯಧೋನಿಗೆ ಮೂರಾಣೆ. (ಈ ಮೂರು ಎಲ್ಲಿ ಹೋದರೂ ಬೆನ್ನು ಬಿಡುತ್ತಿಲ್ಲ.) ಆಗ ಟಿಕೆಟ್ಟೇ ಇರಲಿಲ್ಲವಂತೆ, ಡಬ್ಬಿಯ ಮಾತು ಬಿಡಿ. ೧೯೦೫ರಲ್ಲಿ ವಿದ್ಯುತ್ತು ಮತ್ತು ಟ್ರಾಮು ಎರಡಕ್ಕೂ ಸೇರಿ ಒಂದು ಕಂಪನಿ ಬಂತು, ೧೯೦೭ರಲ್ಲಿ ವಿದ್ಯುತ್ ಟ್ರಾಮು, ೧೯೨೬ರಲ್ಲಿ ಬಸ್ಸು. ಸ್ವಾತಂತ್ರ್ಯಕ್ಕೆ ಸರಿಯಾಗಿ ಎಂಟು ದಿನ ಮೊದಲು, ೧೯೪೭ರ ಆಗಸ್ಟ್ ೭ರಂದು, ಮುನಿಸಿಪಾಲಿಟಿ ಅದನ್ನು ಕೊಂಡುಕೊಂಡಿತು. ಅದೇ ನಮ್ಮ ಬೆಸ್ಟ್. ಲೈಟಿನ ಗಳಿಕೆ ಬಸ್ಸಿನ ನಷ್ಟವನ್ನು ಎಷ್ಟೋ ವರ್ಷ ಹೊತ್ತುಕೊಂಡು ನಡೆಯಿತು. ಅತ್ತ ನಮ್ಮ ಮೈಸೂರಿನಲ್ಲಿ ಕತೆ ಶುರುವಾದದ್ದೇ ಬೇರೆ ಥರ: ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಗಣಿಗೆ ವಿದ್ಯುತ್ತು ಹೋದಾಗ ಮಾರುವವನೇ ಸರ್ಕಾರ. ಅಲ್ಲಿ ರಾಜಕಾರಣಿ ಯಾರು, ಲೈಟಿನ ವ್ಯಾಪಾರಿ ಯಾರು ಅಂತ ಕೇಳುವ ಪ್ರಶ್ನೆಯೇ ಹುಟ್ಟಲಿಲ್ಲ.

೨೦೧೯ರ ಜುಲೈನಲ್ಲಿ ಬೆಸ್ಟ್ ಬಸ್ಸಿನ ಕನಿಷ್ಠ ದರ ಐದು ರೂಪಾಯಿಗೆ ಇಳಿಯಿತು. ನಾನು ಆಗ ಶಾಲೆಯಲ್ಲಿದ್ದೆ. ನಮ್ಮ ಚಾಳಿನಲ್ಲಿ ಆ ಸಂಜೆ ಎಲ್ಲರ ಬಾಯಲ್ಲೂ ಅದೇ ಮಾತು. ಮನೆಗೆಲಸಕ್ಕೆ ಹೋಗುವ ಹೆಂಗಸರು ತಿಂಗಳಿಗೆ ಎಷ್ಟು ಉಳಿಯುತ್ತೆ ಅಂತ ಬೆರಳು ಮಡಿಸಿ ಲೆಕ್ಕ ಹಾಕಿದರು. ೨೦೨೫ರ ಮೇ ತಿಂಗಳಲ್ಲಿ ಅದೇ ಟಿಕೆಟ್ಟು ಹತ್ತು ರೂಪಾಯಿ ಆಯಿತು. ಅದೇ ಹೆಂಗಸರು, ಅದೇ ಬೆರಳು. ಇಳಿಸಿದ ದಿನ ಹಾರ ಹಾಕಿಸಿಕೊಳ್ಳೋಕೆ ಎಲ್ಲ ಪಕ್ಷದವರೂ ಇರ್ತಾರೆ. ಏರಿಸಿದ ದಿನ ಲೆಕ್ಕ ಹೇಳೋಕೆ ಯಾರೂ ಇರೋದಿಲ್ಲ. ನನ್ನ ತಕರಾರು ಏರಿಸಿದ್ದಕ್ಕಲ್ಲ. ಐದು ರೂಪಾಯಿ ಎಷ್ಟು ದಿನ ಬಾಳುತ್ತೆ, ಕೊರತೆಯನ್ನು ಯಾರು ತುಂಬುತ್ತಾರೆ ಅಂತ ಇಳಿಸುವ ದಿನವೇ ನಮ್ಮ ಚಾಳಿಗೆ ಬಂದು ಹೇಳುವವನು ಬೇಕಿತ್ತು. ಹೇಳಿದ್ದರೆ ಅರ್ಥ ಆಗುತ್ತಿರಲಿಲ್ಲವೇ? ರೇಷನ್ ಅಂಗಡಿಯ ತಕ್ಕಡಿ ಎರಡು ಗ್ರಾಂ ವಾಲಿದರೆ ಹಿಡಿಯುವ ಹೆಂಗಸರು ಅವರು. ಡೇರೆ ಹಾಕಿ ಕೇಳಲಿ, ಬರ್ತಾರೆ.

ಹಾಗೆ ಹೇಳಬಲ್ಲವನು ಹೆಚ್ಚಾಗಿ ಆ ಕಸುಬಿನಿಂದಲೇ ಬಂದವನಾಗಿರುತ್ತಾನೆ. ಡೀಸೆಲ್ಲಿನ ಖರ್ಚು, ಟೈರಿನ ಆಯುಸ್ಸು, ಡಿಪೋದಲ್ಲಿ ನಿಂತ ಗಾಡಿಯ ನಷ್ಟ ಎಲ್ಲ ತಿಳಿದವನು. ಅದಕ್ಕೇ ನನ್ನ ಹಳೇ ಮಾತನ್ನು ವಾಪಸು ತಗೊಳ್ತೇನೆ. ಬರಲಿ. ಆದರೆ ಬರುವ ಮುಂಚೆ ತನ್ನ ಪಾಲು ಮಾರಿ ಬರಲಿ. ಹೆಂಡತಿ ಹೆಸರಿಗೋ ಭಾವಮೈದುನನ ಹೆಸರಿಗೋ ಬರೆದು ಬರೋದಲ್ಲ, ನಿಜಕ್ಕೂ ಮಾರಿ. ಹಿಂದೆ ಯಾವ ಊರಲ್ಲಿ ಯಾರ ವಿರುದ್ಧ ನಿಂತಿದ್ದೆ ಅನ್ನೋದನ್ನು, ತನ್ನ ಡೆಟ್ರಾಯಿಟ್ ಕತೆಯನ್ನು, ತಾನೇ ಮೊದಲು ಹೇಳಲಿ. ಎದುರಾಳಿ ಪತ್ತೆಹಚ್ಚುವ ತನಕ ಕಾಯದಿರಲಿ. ಮತ್ತು ಮೂರು ಸೆಂಟೋ ಐದು ರೂಪಾಯಿಯೋ ಹೇಳುವಾಗ ಖರ್ಚಿನ ಕಾಲಮ್ಮನ್ನೂ ಪಕ್ಕದಲ್ಲೇ ಬರೆದು ತೋರಿಸಲಿ. ಜಾನ್ಸನ್ ಮೊದಲಿನದನ್ನು ಮಾಡಿದ. ಕೊನೆಯದರಲ್ಲಿ ಅವಸರ ಮಾಡಿದ ಅಂತ ನನ್ನ ಅಭಿಪ್ರಾಯ, ಆರುನೂರು ಮತ ಅಲ್ಲೇ ಹೋಯಿತು. ಹ್ಯಾನಾ ಮೂರನ್ನೂ ಮಾಡಲಿಲ್ಲ. ಆದರೂ ಅವನ ಹೆಸರಾದರೂ ನಮಗೆ ಗೊತ್ತು. ಚುನಾವಣೆಗೆ ನಿಲ್ಲದೆ, ಹಿತ್ತಿಲಲ್ಲೇ ಇದ್ದು ಚಂದಾ ಕೊಟ್ಟುಕೊಂಡು ಹೋದವರ ಹೆಸರು ಯಾವ ಭಾಷಣದಲ್ಲೂ ಬರೋದಿಲ್ಲ. ನನ್ನ ಭಾಷಣದಲ್ಲೂ ಬರಲಿಲ್ಲ.

ಕ್ಲೀವ್‌ಲ್ಯಾಂಡಿನ ಸಾರ್ವಜನಿಕ ಚೌಕದಲ್ಲಿ ೧೯೧೬ರಲ್ಲಿ ಜಾನ್ಸನ್ನನ ಪ್ರತಿಮೆ ನಿಲ್ಲಿಸಿದರು. ಕೂತ ಭಂಗಿ, ಕೈಯಲ್ಲಿ ಪುಸ್ತಕ. 'ಪ್ರೋಗ್ರೆಸ್ ಅಂಡ್ ಪಾವರ್ಟಿ'ಯೇ.

ನನ್ನ ಬಹುಮಾನವೂ ಒಂದು ಪುಸ್ತಕ. ಅಂದು ಎದುರು ಪಕ್ಷದಲ್ಲಿ ಮಾತಾಡಿ ಎರಡನೇ ಬಹುಮಾನ ಪಡೆದ ಸಹಪಾಠಿಗೆ ಅದನ್ನು ಕೊಟ್ಟುಬಿಡೋಣ ಅಂತ ಎರಡು ಸಲ ಕಾಲೇಜಿಗೆ ಒಯ್ದೆ. ಎರಡು ಸಲವೂ ಹಾಗೇ ವಾಪಸು ತಂದೆ. ಈ ಸಂಚಿಕೆ ಹಂಚುವ ದಿನ ಮೂರನೇ ಸಲ ಒಯ್ಯುತ್ತೇನೆ.